ಬೋರ್ಡಿಂಗಿನ ಕಾಕಾ ಅವರಿಗೆ ಒಂದು ಬಹಿರಂಗ ಪತ್ರ

ಕಾಕಾ ಅವರಿಗೆ ಗದಗಿನಿಂದಲೇ, ಎರಡು ಓಣಿ ಆಚೆಯಿಂದ, ನಮಸ್ಕಾರ.

ಹೆಸರು ಬರೆಯುವುದಿಲ್ಲ. ನಮ್ಮ ವಾರ್ಡಿನವರಿಗೆ, ಬೋರ್ಡಿಂಗಿನಲ್ಲಿ, ಅಂದರೆ ನಮ್ಮ ಹುಡುಗರ ಹಾಸ್ಟೆಲಿನಲ್ಲಿ, ಉಂಡು ಓದಿದವರಿಗೆ ಇದು ಯಾರ ಮಾತು ಅಂತ ಎರಡು ಸಾಲು ಓದುವಷ್ಟರಲ್ಲಿ ಗೊತ್ತಾಗುತ್ತದೆ. ಉಳಿದವರಿಗೆ ಹೆಸರು ಬೇಕಾಗಿಲ್ಲ. ನಮ್ಮ ಕಡೆ ಊರಿಗೊಬ್ಬ ಇಂಥ ಕಾಕಾ ಇದ್ದೇ ಇರುತ್ತಾರೆ.

ಹೋದ ವಾರ ಸರ್ವಸಾಧಾರಣ ಸಭೆಯ ನೋಟಿಸ್ ಬಂತು. ಒಂದೇ ಹಾಳೆ. ಹಿಂದಿನ ಸಭೆಯ ನಡಾವಳಿ ಓದಿ ದಾಖಲಿಸುವುದು, ಅಢಾವೆ ಪತ್ರಿಕೆಗೆ (ವರ್ಷದ ಲೆಕ್ಕಪತ್ರಕ್ಕೆ) ಮಂಜೂರಾತಿ ಪಡೆಯುವುದು, ಆಡಳಿತ ಮಂಡಳಿಯಲ್ಲಿ ತೆರವಾಗಲಿರುವ ಒಂದು ಸ್ಥಾನ ತುಂಬುವುದು, ಆಮೇಲೆ ಎಂದಿನಂತೆ ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು. ಮೂರನೇ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ತೆರವಾಗಲಿರುವ ಸ್ಥಾನ ನಿಮ್ಮದು. ಅಲ್ಲಿ ಬಂದು ಕೂರುವವರು ನಿಮ್ಮ ಮಗ. ಈ ಎರಡನೇ ಸುದ್ದಿ ನೋಟಿಸಿನಲ್ಲಿಲ್ಲ. ಆದರೆ ಮುಳಗುಂದ ನಾಕಾದ ಚಹಾ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು.

ನನ್ನ ಗುರುತು ಹೇಳುತ್ತೇನೆ. 1996ರಲ್ಲಿ ರೋಣ ತಾಲ್ಲೂಕಿನ ಹಳ್ಳಿಯಿಂದ ಒಂದು ತಗಡಿನ ಟ್ರಂಕು ಹಿಡಿದು ಎಂಟನೇ ಇಯತ್ತೆಗೆ ಬಂದ ಹುಡುಗ. ಸೀಟು ಇಲ್ಲ ಅಂತ ಮ್ಯಾನೇಜರ್ ಹೇಳಿದಾಗ ನಮ್ಮಪ್ಪ ನಿಮ್ಮ ಮನೆ ಹುಡುಕಿಕೊಂಡು ಬಂದಿದ್ದ. ಆಗಿನ್ನೂ ನೀವು ಬೋರ್ಡಿಂಗಿನ ಮಂಡಳಿಯಲ್ಲಿ ಇರಲಿಲ್ಲ. ವಾರ್ಡಿನ ಮೆಂಬರ್ ಅಷ್ಟೇ. ಮೊದಲ ಸಲ ಗೆದ್ದಿದ್ದಿರಿ. ಹತ್ತಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಇದ್ದಕ್ಕಿದ್ದಂತೆ ನಗರಸಭೆ ಸದಸ್ಯ. ನಮ್ಮಪ್ಪನ ಜೊತೆ ನಡೆದುಕೊಂಡೇ ಬೋರ್ಡಿಂಗಿಗೆ ಬಂದು, "ಒಂದು ತಾಟು ಜಾಸ್ತಿ ಇಟ್ರ ಏನೂ ಕಡಿಮಿ ಆಗೂದಿಲ್ಲ" ಅಂದಿರಿ. ಆ ಒಂದು ತಾಟು ನಾನು. ಈಗ ಟ್ಯಾಕ್ಸ್ ಆಫೀಸೊಂದರಲ್ಲಿ ಬೇರೆಯವರ ಲೆಕ್ಕ ಬರೆದು ಹೊಟ್ಟೆ ತುಂಬಿಸಿಕೊಳ್ಳುತ್ತೇನೆ. 1,001 ರೂಪಾಯಿ ಕಟ್ಟಿ ಆಜೀವ ಸದಸ್ಯನೂ ಆಗಿದ್ದೇನೆ. ಈ ಪತ್ರ ಬರೆಯುವ ಹಕ್ಕು ಆ 1,001 ರೂಪಾಯಿಯದ್ದು. ಋಣ ಆ ತಾಟಿನದ್ದು.

ಋಣದ ಮಾತು ಮೊದಲು ಮುಗಿಸುತ್ತೇನೆ.

ಒಂದು ಬೇಸಿಗೆ. ಹದಿನೈದು ದಿನದಿಂದ ನಳ ಬಂದಿರಲಿಲ್ಲ. ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರೆ ಇರುವುದು ದೂರ, ನಮ್ಮ ಕೊಡ ಇರುವುದು ಇಲ್ಲಿ. ರಾತ್ರಿ ಒಂದೂವರೆ. ಬೋರ್ಡಿಂಗ್ ಮುಂದಿನ ರಸ್ತೆಯಲ್ಲಿ ಕೊಡಗಳ ಸಾಲು, ಹೆಂಗಸರ ಬೈಗುಳ. ವಾಲ್‌ಮನ್ ನಾಪತ್ತೆ. ನೀವು ಬನಿಯನ್ನು, ಲುಂಗಿಯಲ್ಲಿ ಬಂದಿರಿ, ಹೆಗಲ ಮೇಲೆ ಉದ್ದನೆಯ ವಾಲ್ ಚಾವಿ. "ಲೇ ತಮ್ಮಾ, ಬ್ಯಾಟರಿ ಹಿಡಿ" ಅಂದಿರಿ. ನಾನು ಹಿಡಿದೆ. ನೀವು ಚೇಂಬರಿನ ಕಲ್ಲು ಸರಿಸಿ, ಬೋರಲು ಮಲಗಿದಂತೆ ಬಾಗಿ ಚಾವಿ ತಿರುಗಿಸಿದಿರಿ. ಮೊದಲು ನಳದಿಂದ ಬರೀ ಗಾಳಿ ಬುಸ್ ಅಂತ ಬಂತು. ಆಮೇಲೆ ಕೆಂಪು ನೀರು. ಆಮೇಲೆ ನೀರು. ಅಷ್ಟರಲ್ಲಿ ಸಾಲಿನ ಕಡೆಯಲ್ಲಿದ್ದ ಮುದುಕಿ ಬಿಟ್ಟಳಾ? "ಓಟ್ ಕೇಳಾಕ ಬಂದಾಗ ಕೈ ಮುಗದಿ. ನಮ್ಮ ಓಣಿ ನಳಕ್ಕ ನೀರ ಎಲ್ಲೈತೋ?" ಅಂತ ಎಲ್ಲರ ಮುಂದೆ ಜಾಡಿಸಿದಳು. ನೀವು ಲುಂಗಿ ಮಡಿಕೆಯಿಂದ ಆ ಸಣ್ಣ ನೋಟ್‌ಬುಕ್ ತೆಗೆದಿರಿ. "ಬರಕೊಂಡೇನಿ ಯವ್ವಾ. ನಾಡದು ತನಕ ಟೈಮ್ ಕೊಡು."

ಆ ನೋಟ್‌ಬುಕ್ಕನ್ನು ನಾನು ಒಮ್ಮೆ ಕದ್ದು ನೋಡಿದ್ದೆ. ಬೋರ್ಡಿಂಗ್ ಕಟ್ಟೆಯ ಮೇಲೆ ಬಿಟ್ಟು ಕೈ ತೊಳೆಯಲು ಹೋಗಿದ್ದಿರಿ. ಕಂಬದ ನಂಬರು, ಬಲ್ಬ್ ಇಲ್ಲ. ಮಸೂತಿ ಹಿಂದೆ ಗಟಾರು ತುಂಬಿದೆ. ಇಂಥವರ ವಿಧವಾ ಪಿಂಚಣಿ, ಕಾಗದ ತಹಶೀಲ್ದಾರ್ ಕಚೇರಿಯಲ್ಲಿದೆ. ಇನ್ನೊಬ್ಬರ ಮನೆ ಉತಾರದಲ್ಲಿ ಹೆಸರು ತಪ್ಪು. ಆದ ಕೆಲಸದ ಮೇಲೆ ಕೆಂಪು ಪೆನ್ನಿನ ಗೆರೆ. ಆಗದ ಕೆಲಸ ಹಾಗೇ ಮುಂದಿನ ಪುಟಕ್ಕೆ ಹೋಗುತ್ತಿತ್ತು. ಜಮಾಖರ್ಚಿನಲ್ಲಿ ಶಿಲ್ಕು, ಅಂದರೆ ಕಡೆಗೆ ಉಳಿದದ್ದು, ಮುಂದಕ್ಕೆ ಒಯ್ಯುತ್ತೇವಲ್ಲ, ಹಾಗೆ. ದಲಾಲಿ ಅಂಗಡಿಯ ಅಭ್ಯಾಸ ನಿಮ್ಮನ್ನು ಬಿಟ್ಟಿರಲಿಲ್ಲ. ನಾನು ಲೆಕ್ಕ ಬರೆಯುವವ ಆದದ್ದಕ್ಕೆ ಆ ಎರಡು ಪುಟವೂ ಒಂದು ಕಾರಣ ಅಂತ ಅನಿಸುತ್ತದೆ.

ವಾರ್ಡಿನ ನಿಮ್ಮ ದಾರಿ ಎಲ್ಲರಿಗೂ ಗೊತ್ತು. ನಾಲ್ಕು ಸಲ ನಿಂತು ಮೂರು ಸಲ ಗೆದ್ದಿರಿ. ಒಮ್ಮೆ ವಾರ್ಡು ಮಹಿಳಾ ಮೀಸಲಿಗೆ ಹೋದಾಗ ಕಾಕು ನಿಂತು ಗೆದ್ದರು. ಫೋನ್ ಎತ್ತುತ್ತಿದ್ದವರು ಮಾತ್ರ ನೀವೇ. ಇರಲಿ, ಅದು ಬೇರೆ ಪತ್ರದ ವಿಷಯ. ಎಮ್ಮೆಲ್ಲೆ ಟಿಕೆಟ್‌ಗೆ ಎರಡು ಸಲ ಬೆಂಗಳೂರಿಗೆ ಹೋಗಿ ಬಂದಿರಿ, ಸಿಗಲಿಲ್ಲ. 2021ರ ಡಿಸೆಂಬರ್ ಚುನಾವಣೆಗೆ ಮಂಡಿ ನೋವು ಅಂತ ನಿಲ್ಲಲಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಗರಸಭೆಯ 35 ವಾರ್ಡಿನಲ್ಲಿ ರಾತ್ರಿ ಒಂದೂವರೆಗೆ ಚಾವಿ ಹೊತ್ತು ಬರುವ ಮೆಂಬರುಗಳು ಎಷ್ಟು ಜನ, ನೀವೇ ಹೇಳಿ.

ಈಗ ಬೋರ್ಡಿಂಗಿಗೆ ಬರುತ್ತೇನೆ.

1997ರಲ್ಲಿ ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆಯಾಯಿತು. ಅದರ ಮರುವರ್ಷ ನೀವು ಆಡಳಿತ ಮಂಡಳಿಗೆ ಬಂದಿರಿ. ನಮ್ಮ ಭಾಗದಲ್ಲಿ ಇದು ಸಹಜ. ಒಬ್ಬ ಮನುಷ್ಯ ಒಂದು ಇಲೆಕ್ಷನ್ ಗೆದ್ದರೆ ಸಾಕು, ಅರ್ಬನ್ ಬ್ಯಾಂಕು, ಪತ್ತಿನ ಸಂಘ, ಶಾಲೆಯ ಕಮಿಟಿ, ಜಾತ್ರೆ ಕಮಿಟಿ ಎಲ್ಲ ಕುರ್ಚಿ ಹಾಕಿ ಕರೆಯುತ್ತವೆ. ಸಂಸ್ಥೆಗೆ ನಗರಸಭೆಯಲ್ಲಿ ಒಬ್ಬ ನಮ್ಮವ ಬೇಕು. ನಮ್ಮವನಿಗೆ ಹೆಸರಿನ ಮುಂದೆ ಬರೆದುಕೊಳ್ಳಲು ಒಂದು ಸಂಸ್ಥೆ ಬೇಕು. ಮೊದಲ ಹತ್ತು ವರ್ಷ ಇದರಿಂದ ಬೋರ್ಡಿಂಗಿಗೆ ಒಳ್ಳೆಯದೇ ಆಯಿತು. ಕೊಳವೆಬಾವಿ ಬಂತು. ಶೌಚಾಲಯ ಬಂತು. ಅಡುಗೆಮನೆಯ ಹೊಗೆಗೂಡು ಸರಿಯಾಯಿತು. 2020ರ ಲಾಕ್‌ಡೌನಿನಲ್ಲಿ ಬೋರ್ಡಿಂಗ್ ಒಲೆ ಹಚ್ಚಿಸಿ ಬೆಟಗೇರಿಯ ನೇಕಾರ ಓಣಿಗಳಿಗೆ ಅನ್ನ ಕಳಿಸಿದವರೂ ನೀವೇ. ಒಂದಿನ ಬಡಿಸಲು ನಾನೂ ಬಂದಿದ್ದೆ.

ಆದರೆ ನಿಮ್ಮ ನೋಟ್‌ಬುಕ್ ಬೋರ್ಡಿಂಗಿನ ಬಾಗಿಲಾಚೆಯೇ ಉಳಿಯಿತು. ಯಾಕೆ ಅಂತ ನಾನು ತುಂಬ ಯೋಚಿಸಿದೆ. ನನಗೆ ಸಿಕ್ಕ ಉತ್ತರ ಇಷ್ಟೇ. ಆ ಮುದುಕಿಯ ಬಾಗಿಲಿಗೆ ನೀವು ಐದು ವರ್ಷಕ್ಕೊಮ್ಮೆ ಮತ್ತೆ ಹೋಗಬೇಕಿತ್ತು. ಬೋರ್ಡಿಂಗಿನಲ್ಲಿ ಅಂಥ ಬಾಗಿಲೇ ಇಲ್ಲ. ಹುಡುಗರಿಗೆ ಓಟಿಲ್ಲ. ಅವರ ಅಪ್ಪಂದಿರು ಕೈ ಕಟ್ಟಿ ನಿಲ್ಲುತ್ತಾರೆ. ನಮ್ಮಂಥ ಸದಸ್ಯರು ವರ್ಷಕ್ಕೊಮ್ಮೆ ಸಭೆಗೆ ಬರುತ್ತೇವೆ, ಪುಸ್ತಕದಲ್ಲಿ ಸಹಿ ಮಾಡುತ್ತೇವೆ, ಬದನೇಕಾಯಿ ಬಜ್ಜಿ ತಿನ್ನುತ್ತೇವೆ. "ಅಢಾವೆ ಪತ್ರಿಕೆ ಎಲ್ಲಾರಿಗೂ ಮುಟ್ಟೇತಿ, ಓದೇವಿ ಅಂತ ತಿಳ್ಕೊಳ್ಳೂಣೇನು?" ಅಂತ ಅಧ್ಯಕ್ಷರು ಕೇಳುತ್ತಾರೆ. "ಮಂಜೂರ್, ಮಂಜೂರ್" ಅನ್ನುತ್ತೇವೆ. ಹನ್ನೊಂದು ವರ್ಷ ನಾನೂ ಹಾಗೇ ಅಂದಿದ್ದೇನೆ. ಊರವರ ಲೆಕ್ಕದಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ನಿದ್ದೆಗೆಡುವ ಮನುಷ್ಯ ನಾನು. ಬಜ್ಜಿ ಬಿಸಿ ಇತ್ತು, ಏನು ಮಾಡಲಿ.

ಈ ವರ್ಷ ನೋಟಿಸ್ ಬಂದ ಮೇಲೆ ಸಂಘಗಳ ನೋಂದಣಿ ಕಚೇರಿಗೆ ಹೋಗಿ ಅರ್ಜಿ, ಶುಲ್ಕ ಕೊಟ್ಟು ನಕಲು ತೆಗೆಸಿದೆ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವರ್ಷಕ್ಕೊಂದು ಸಭೆ ಆಗಬೇಕು. ಸಭೆಯಾಗಿ 14 ದಿನದೊಳಗೆ ಮಂಡಳಿಯವರ ಪಟ್ಟಿ, ಲೆಕ್ಕಪತ್ರ ಅಲ್ಲಿಗೆ ಸಲ್ಲಬೇಕು. ಸಂದಿವೆ. ಆ ವಿಷಯದಲ್ಲಿ ನಿಮ್ಮ ಕಾರ್ಯದರ್ಶಿ ಚುರುಕು. ಪಟ್ಟಿಯಲ್ಲಿ ಹನ್ನೊಂದು ಹೆಸರು. ಹತ್ತು ವರ್ಷದ ಹಿಂದೆ ಯಾವ ಹನ್ನೊಂದಿತ್ತೋ ಅದೇ ಹನ್ನೊಂದು. ಅವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ ಕಾಕಾ. ಒಬ್ಬರ ಮಣ್ಣಿಗೆ ನೀವೂ ನಾನೂ ಒಂದೇ ಗಾಡಿಯಲ್ಲಿ ಹೋಗಿದ್ದೆವು. ವಾಪಸು ಬರುವಾಗ ನೀವು ದಾರಿಯುದ್ದಕ್ಕೂ ಅವರ ಗುಣ ಹೇಳುತ್ತಾ ಬಂದಿರಿ. ಅಂಥವರು ಕಾಗದದ ಮೇಲೆ ಇನ್ನೂ ನಮ್ಮ ಹುಡುಗರ ಊಟದ ಉಸ್ತುವಾರಿ ನೋಡಿಕೊಳ್ಳುತ್ತಿದ್ದಾರೆ.

ಇನ್ನೊಂದು, ಮಳಿಗೆಗಳು. ಬೋರ್ಡಿಂಗಿನ ರಸ್ತೆ ಬದಿಗೆ ಒಂಬತ್ತು ಮಳಿಗೆ ಇವೆ. ಅಢಾವೆ ಪತ್ರಿಕೆಯಲ್ಲಿ ಬಾಡಿಗೆ ತಿಂಗಳಿಗೆ ಒಂದಕ್ಕೆ 850 ರೂಪಾಯಿ. ಒಂಬತ್ತಕ್ಕೂ ಸೇರಿ 7,650. ಅದರಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಹುಡುಗ ನನ್ನ ಪರಿಚಯದವ. ಅವನು ಕೊಡುವುದು 8,000. ಸಂಸ್ಥೆಗೆ ಅಲ್ಲ, ಹಳೆಯ ಬಾಡಿಗೆದಾರನಿಗೆ. ಒಳಬಾಡಿಗೆ. ಎಲ್ಲ ಮಳಿಗೆಗೂ ಆ ದರ ಹಿಡಿದರೆ ತಿಂಗಳಿಗೆ 72,000. ಈಗ ಬೋರ್ಡಿಂಗಿನಲ್ಲಿ ಉಳಿದಿರುವ ಹುಡುಗರು 38. ಒಬ್ಬನ ಊಟಕ್ಕೆ ದಿನಕ್ಕೆ 60 ರೂಪಾಯಿ ಅಂದರೂ ತಿಂಗಳಿಗೆ 68,400. ಮಳಿಗೆಯ ಬಾಡಿಗೆಯೊಂದರಲ್ಲೇ ಅಷ್ಟೂ ಹುಡುಗರು ಉಣ್ಣಬಹುದು. ನಾವಿದ್ದಾಗ 110 ಹುಡುಗರಿದ್ದೆವು. ವಾರಕ್ಕೆರಡು ದಿನ ಝುಣಕ, ಅಮಾವಾಸ್ಯೆಗೆ ಹೋಳಿಗೆ. ಮೊನ್ನೆ ಹೋದಾಗ ಒಲೆಯ ಮುಂದೆ ಅದೇ ಅಡುಗೆಯಮ್ಮ ಕೂತಿದ್ದಳು. "ಹುಡುಗ್ರು ಕಡಿಮಿ ಆದ್ರು, ರೊಟ್ಟಿನೂ ಕಡಿಮಿ ಆದ್ವು. ಎರಡರ ಮ್ಯಾಲೆ ಕೊಡಬ್ಯಾಡ ಅಂದಾರ" ಅಂದಳು. ಯಾರು ಅಂದಿದ್ದಾರೆ ಅಂತ ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ನೀವು ರೊಕ್ಕ ತಿಂದಿದ್ದೀರಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಮನೆಯ ಹಂಚಿನ ಮಾಡು ಇವತ್ತಿಗೂ ಅದೇ ಇದೆ, ಊರೇ ನೋಡುತ್ತಿದೆ. ಆ ಒಂಬತ್ತು ಬಾಡಿಗೆದಾರರಲ್ಲಿ ಮೂವರು ಮಂಡಳಿಯವರ ಸಂಬಂಧಿಕರು, ಇಬ್ಬರು ಚುನಾವಣೆಯಲ್ಲಿ ನಿಮ್ಮ ಬೆನ್ನಿಗೆ ನಿಂತವರು. ಅವರನ್ನು ಎಬ್ಬಿಸುವುದು ಕಷ್ಟ ಅಂತ ನೀವು ಸುಮ್ಮನಿದ್ದೀರಿ. ನನ್ನ ತಕರಾರು ಇಷ್ಟೇ. ವಕಾರಸಾಲಿನ ಕಥೆ ನೆನಪಿದೆಯಲ್ಲ? ನಗರಸಭೆಯ ಜಾಗ, ಹತ್ತಿ ವ್ಯಾಪಾರಕ್ಕೆ ಅಂತ ಲೀಸಿಗೆ ಹೋದದ್ದು, ಲೀಸು ಮುಗಿದು ಎಷ್ಟೋ ವರ್ಷವಾದರೂ ಕೈಬಿಡದ್ದು. ಕಡೆಗೆ ಜೆಸಿಬಿ ಬಂದ ಮೇಲೇ ಜಾಗ ತೆರವಾಯಿತು. ಆಗ ಚಹಾ ಅಂಗಡಿಯಲ್ಲಿ ಕೂತು ನೀವೇ ಹೇಳಿದ್ದಿರಿ, "ಊರಿನ ಜಾಗಕ್ಕ ವಾರಸದಾರರು ಭಾಳ, ಮಾಲಕ ಮಾತ್ರ ಯಾರೂ ಇಲ್ಲ." ಈ ಮಾತನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ಒಂಬತ್ತು ಮಳಿಗೆಯ ಮುಂದೆ ನಿಂತು ಇನ್ನೊಮ್ಮೆ ನೀವು ಹೇಳಬಹುದಾ?

ಬೋರ್ಡಿಂಗಿನ ಗೋಡೆ ಎದ್ದದ್ದು ಯಾರ ರೊಕ್ಕದಿಂದ ಅಂತ ನಮಗೆ ಹಳೆಯ ಮ್ಯಾನೇಜರ್ ಹೇಳುತ್ತಿದ್ದರು. ರಾಶಿ ಮುಗಿದ ಮೇಲೆ ರೈತರು ಚಕ್ಕಡಿಯಲ್ಲಿ ಜೋಳದ ಚೀಲ ತಂದು ಇಳಿಸಿ ಹೋಗುತ್ತಿದ್ದರಂತೆ. ರಸೀದಿ ಕೇಳುತ್ತಿರಲಿಲ್ಲವಂತೆ. ಡಂಬಳದ ರೊಟ್ಟಿ ಜಾತ್ರೆಗೆ ಮನೆ ಮನೆಯಿಂದ ರೊಟ್ಟಿ ಬರುತ್ತದಲ್ಲ, ಅದೇ ಲೆಕ್ಕ. ಕೊಟ್ಟವರು ರಸೀದಿ ಕೇಳಲಿಲ್ಲ ಅಂದರೆ ಇಟ್ಟುಕೊಂಡವರು ಲೆಕ್ಕ ಕೊಡಬೇಕಾಗಿಲ್ಲ ಅಂತ ಅರ್ಥವಾ? ಈ ನೆಲದಲ್ಲಿ ಹಾಗೆ ನಡೆದಿದ್ದಿಲ್ಲ. ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಸಹಕಾರ ಕಾಯ್ದೆ ಬಂದು ಆಗ ಒಂದು ವರ್ಷ. ರೈತರೇ ಕೂಡಿ ರೊಕ್ಕ ಹಾಕಿದರು. ರೊಕ್ಕ ಹಾಕಿದವನಿಗೆ ಕೇಳುವ ಹಕ್ಕು ಅದರ ಜೊತೆಗೇ ಬರುತ್ತದೆ. ಪುಣ್ಯಾಶ್ರಮದ ಮಾತಂತೂ ನಿಮ್ಮ ಬಾಯಲ್ಲೇ ಕೇಳಿದ್ದು. ಪಂಚಾಕ್ಷರಿ ಗವಾಯಿಗಳು, ಅವರಾದ ಮೇಲೆ ಪುಟ್ಟರಾಜ ಗವಾಯಿಗಳು, ಜೋಳಿಗೆ ಹಿಡಿದು, ನಾಟಕ ಕಂಪನಿ ನಡೆಸಿ, ತುಲಾಭಾರದ ನಾಣ್ಯ ಕೂಡಿಸಿ ಅಂಧ ಮಕ್ಕಳಿಗೆ ಅನ್ನ, ಸಂಗೀತ ಎರಡೂ ಕೊಟ್ಟರು. ಅಲ್ಲಿನ ಪಂಕ್ತಿಯಲ್ಲಿ ಕೂತರೆ ಯಾರ ರೊಕ್ಕ ಎಲ್ಲಿಗೆ ಹೋಯಿತು ಅಂತ ತಾಟಿನಲ್ಲೇ ಕಾಣುತ್ತಿತ್ತು.

ರಾಜಕೀಯ, ದಾನ ಎರಡೂ ಒಬ್ಬನಿಗೆ ಕೂಡಿಬರುವುದಿಲ್ಲ ಅಂತ ನಾನೇನೂ ಹೇಳುವುದಿಲ್ಲ. ನಮ್ಮ ಜಿಲ್ಲೆಯ ಶಿಗ್ಲಿಯಲ್ಲಿ ಹುಟ್ಟಿ ಶಿರಸಂಗಿಗೆ ದತ್ತು ಹೋದ ಲಿಂಗರಾಜ ದೇಸಾಯಿಯವರು ಮುಂಬೈ ಶಾಸನಸಭೆಯಲ್ಲಿ ಕೂತವರು. 1906ರಲ್ಲಿ ತೀರಿಕೊಂಡಾಗ ಅವರಿಗೆ 45 ವರ್ಷ. ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆ ಅಂತ ಮೃತ್ಯುಪತ್ರ ಬರೆದು ಹೋದರು. ಆ ಟ್ರಸ್ಟಿನ ಸ್ಕಾಲರ್‌ಶಿಪ್ ತಗೊಂಡು ಓದಿದವರು ಈ ಭಾಗದಲ್ಲಿ ಎಷ್ಟು ಮಂದಿ! ಅವರು ಕೊಟ್ಟದ್ದು ತಮ್ಮ ಸ್ವಂತದ್ದು. ನೀವು, ನಾನು, ಮಂಡಳಿಯ ಹನ್ನೊಂದು ಜನ (ಬದುಕಿರುವ ಒಂಬತ್ತು ಅನ್ನಿ) ಕೂತಿರುವುದು ಬೇರೆಯವರು ಇಳಿಸಿ ಹೋದ ಚೀಲದ ಮೇಲೆ. ಅದನ್ನು ಮಗನಿಗೆ ಬಿಟ್ಟುಕೊಡಲು ಬರುವುದಿಲ್ಲ.

ನಿಮ್ಮ ಮಗನ ಮೇಲೆ ನನಗೆ ಸಿಟ್ಟಿಲ್ಲ. ಹುಬ್ಬಳ್ಳಿಯಲ್ಲಿ ಒಳ್ಳೆಯ ವ್ಯಾಪಾರ ಮಾಡಿಕೊಂಡಿದ್ದಾನೆ, ಮಾತು ಮೆತ್ತಗೆ. ಆದರೆ ಬೋರ್ಡಿಂಗಿನ ಅಡುಗೆಮನೆ ಯಾವ ಕಡೆಗಿದೆ ಅಂತ ಕೇಳಿ ನೋಡಿ. ಅವನು ಸದಸ್ಯನಾಗಲಿ, ಎಲ್ಲರಂತೆ ಅರ್ಜಿ ಹಾಕಿ ನಿಲ್ಲಲಿ. ನಾಲ್ಕು ಜನ ನಿಂತರೆ ಚೀಟಿಯಲ್ಲಿ ಓಟು ಹಾಕೋಣ. ನಿಮಗೆ ಇಲೆಕ್ಷನ್ ಹೊಸದಲ್ಲ ಅಲ್ವಾ?

ಕಾನೂನಿನ ಮಾತನ್ನು ಚುಟುಕಾಗಿ ಹೇಳುತ್ತೇನೆ. ಯಾಕೆಂದರೆ ಅದನ್ನು ಹೇಳುವಾಗ ನನಗೇ ಮುಜುಗರ. ಬೋರ್ಡಿಂಗಿಗೆ ಸರ್ಕಾರದ ಅನುದಾನ ಬರುತ್ತದೆ. ಸರ್ಕಾರದ ರೊಕ್ಕದ ಮೇಲೆ ಗಣನೀಯವಾಗಿ ನಡೆಯುವ ಖಾಸಗಿ ಸಂಸ್ಥೆ ಮಾಹಿತಿ ಹಕ್ಕಿನ ಕಾಯ್ದೆಯೊಳಗೆ ಬರುತ್ತದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹತ್ತು ರೂಪಾಯಿಯ ಅರ್ಜಿ ಸಾಕು. ಇನ್ನು ಸಂಘದ ಮೂರನೇ ಒಂದು ಪಾಲು ಸದಸ್ಯರು ಸಹಿ ಮಾಡಿ ಕೊಟ್ಟರೆ ನಿಬಂಧಕರು ವಿಚಾರಣೆ ಮಾಡಲೇಬೇಕು. ನಮ್ಮ ಸದಸ್ಯರು 214. ಮೂರನೇ ಒಂದು ಅಂದರೆ 72. ಹಳೆಯ ಹುಡುಗರು ಕೂಡಿ ಇಲ್ಲಿಯವರೆಗೆ 41 ಸಹಿ ತೆಗೆದಿದ್ದಾರೆ. ಆ ಹಾಳೆ ನನ್ನ ಮೇಜಿನ ಡ್ರಾವರಿನಲ್ಲಿದೆ. ಅದು ಡ್ರಾವರಿನಲ್ಲೇ ಉಳಿಯಲಿ ಅಂತಲೇ ನಿಮಗೆ ಮೊದಲು ಬರೆಯುತ್ತಿದ್ದೇನೆ. ಎಲ್ಲರ ಮುಂದೆ ಯಾಕೆ ಬರೆದೆ, ಮನೆಗೆ ಬಂದು ಹೇಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಎರಡು ಸಲ ಬಂದಿದ್ದೆ. ಎರಡೂ ಸಲ ಕಾಕು ಅವಲಕ್ಕಿ ಕೊಟ್ಟರು, ನೀವು ನನ್ನ ಮಗಳ ಮಾರ್ಕ್ಸ್ ಕೇಳಿದಿರಿ, ನಾನು ಎದ್ದು ಬಂದೆ.

ನಾನು ಕೇಳುವುದು ಜಾಸ್ತಿಯೇನಿಲ್ಲ. ಈ ಸಲದ ಸಭೆಯಲ್ಲಿ ಅಢಾವೆ ಪತ್ರಿಕೆಯನ್ನು "ಓದಿದಂತೆ" ತಿಳಿದುಕೊಳ್ಳುವುದು ಬೇಡ. ನೀವೇ ನಿಂತು ಓದಿ. ದಲಾಲಿ ಅಂಗಡಿಯಲ್ಲಿ ಓದುತ್ತಿದ್ದಿರಲ್ಲ, ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಶಿಲ್ಕು ಕಡೆಗೆ. ಮಳಿಗೆಗಳ ಕರಾರುಪತ್ರ ಮೇಜಿನ ಮೇಲೆ ಇಡಿ. ತೀರಿಕೊಂಡ ಇಬ್ಬರಿಗೆ ಎರಡು ನಿಮಿಷ ಮೌನ ಆಚರಿಸಿ ಅವರ ಹೆಸರನ್ನು ಪಟ್ಟಿಯಿಂದ ಬಿಡಿಸಿ. ಮೂರು ಸ್ಥಾನ ಖಾಲಿಯಾಗುತ್ತವೆ. ಒಂದಕ್ಕಾದರೂ ಬೋರ್ಡಿಂಗಿನಲ್ಲಿ ಉಂಡವರು ಬರಲಿ. ನಾನಲ್ಲ. ನಾನು ಬಂದರೆ ಅದಕ್ಕೇ ಪತ್ರ ಬರೆದ ಅಂತಾರೆ. ನಮ್ಮ ಬ್ಯಾಚಿನಲ್ಲಿ ಒಬ್ಬಳು ಹುಡುಗಿಯೂ ಇರಲಿಲ್ಲ, ಈಗಲೂ ಇಲ್ಲ. ಅದರ ಬಗ್ಗೆಯೂ ಆ ದಿನ ಯಾರಾದರೂ ಮಾತಾಡಲಿ.

ಉತ್ತರ ಕೊಡಬೇಕು ಅನಿಸಿದರೆ ದಯವಿಟ್ಟು ಫೋನ್ ಮಾಡಬೇಡಿ. ಫೋನಿನಲ್ಲಿ ನೀವು "ಬಾರೋ ತಮ್ಮಾ, ಚಹಾ ಕುಡಿಯೂಣ" ಅಂತೀರಿ, ನಾನು ಕರಗಿಬಿಡುತ್ತೇನೆ. ಬರೆದು ಬೋರ್ಡಿಂಗಿನ ನೋಟಿಸ್ ಬೋರ್ಡಿಗೆ ಹಚ್ಚಿ. ಅಡುಗೆಮನೆಯ ಬಾಗಿಲ ಪಕ್ಕ ಇರುವ ಬೋರ್ಡಿಗೆ, ಆಫೀಸಿನ ಒಳಗಿನದಕ್ಕಲ್ಲ. ತಾಟು ಹಿಡಿದು ಸಾಲಿನಲ್ಲಿ ನಿಂತ ಹುಡುಗರು ಅದನ್ನೇ ಓದುತ್ತಾ ನಿಲ್ಲುತ್ತಾರೆ. ನಾವೂ ಹಾಗೇ ನಿಲ್ಲುತ್ತಿದ್ದೆವು.

ಇಂತಿ,
ನೀವು ಜಾಸ್ತಿ ಇಡಿಸಿದ ಆ ಒಂದು ತಾಟು